ಕನಕಪುರ ಹೆಸರು ಮರಳಿ ಬರಲಿ

ಮಾನ್ಯ ಸಂಪಾದಕರೇ,

2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಕನಕಪುರ ಲೋಕಸಭಾ ಕ್ಷೇತ್ರ ಮರೆಯಾಯಿತು, ಅದರ ಜಾಗಕ್ಕೆ ಬಂದ 'ಬೆಂಗಳೂರು ಗ್ರಾಮಾಂತರ' ಎಂಬ ಹೆಸರು ಇಂದಿಗೂ ಮತದಾರರನ್ನು ಗೊಂದಲಕ್ಕೆ ಕೆಡವುತ್ತಿದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ನಾಲ್ಕೂ ಸೇರಿರುವುದು ಚಿಕ್ಕಬಳ್ಳಾಪುರ ಕ್ಷೇತ್ರಕ್ಕೆ. ಅಪಾರ್ಟ್‌ಮೆಂಟುಗಳಿಂದ ತುಂಬಿದ ರಾಜರಾಜೇಶ್ವರಿನಗರ ಮಾತ್ರ 'ಗ್ರಾಮಾಂತರ'ದಲ್ಲಿದೆ! ತುಮಕೂರು ಜಿಲ್ಲೆಯ ಕುಣಿಗಲ್ ಕೂಡ ಇಲ್ಲೇ. ವಿಚಿತ್ರ ಅಲ್ವಾ?

ಕನಕಪುರ ಸುಮ್ನೆ ಬಂದುಹೋದ ಕ್ಷೇತ್ರವಲ್ಲ. ಎಂ.ವಿ. ಚಂದ್ರಶೇಖರ ಮೂರ್ತಿ ಇಲ್ಲಿಂದ ಹಲವು ಬಾರಿ ಗೆದ್ದಿದ್ದರು. 1996ರಲ್ಲಿ ಎಚ್.ಡಿ. ಕುಮಾರಸ್ವಾಮಿ ಮೊದಲ ಸಲ ಸಂಸತ್ತಿಗೆ ಹೋದದ್ದು ಇಲ್ಲಿಂದಲೇ. 2002ರ ಉಪಚುನಾವಣೆಯಲ್ಲಿ ಡಿ.ಕೆ. ಶಿವಕುಮಾರ್ ಅವರನ್ನು ಸೋಲಿಸಿದ ಎಚ್.ಡಿ. ದೇವೇಗೌಡರು, ಎರಡೇ ವರ್ಷದಲ್ಲಿ ತೇಜಸ್ವಿನಿ ಅವರೆದುರು ಸೋತರು. ಮಾಜಿ ಪ್ರಧಾನಿಗೇ ಸೋಲುಣಿಸಿದ ಕ್ಷೇತ್ರವಿದು. ಬೆಂಗಳೂರು ಬೆಳೆದಂತೆ ಉತ್ತರಹಳ್ಳಿ ಕಡೆ ಮತದಾರರು ವಿಪರೀತ ಜಾಸ್ತಿಯಾದರು, ಹಾಗಾಗಿ ಗಡಿ ಬದಲಾಗಲೇಬೇಕಿತ್ತು, ಒಪ್ಪೋಣ. ಹೆಸರನ್ನೂ ಅಳಿಸಬೇಕಿತ್ತೇ?

ಮುಂದಿನ ಮರುವಿಂಗಡಣೆಯಲ್ಲಿ ಈ ಹೆಸರನ್ನು ಮರಳಿಸಬೇಕು. ಕರಡು ನಕ್ಷೆಯನ್ನು ಹಳೆಯ, ಹೊಸ ಗಡಿಗಳ ಸಮೇತ ಕನ್ನಡದಲ್ಲಿ ಪ್ರತಿ ಗ್ರಾಮ ಪಂಚಾಯಿತಿ ಮತ್ತು ವಾರ್ಡ್ ಕಚೇರಿಯ ಗೋಡೆಗೆ ಅಂಟಿಸಿ, ಆಕ್ಷೇಪಣೆಗೆ ಸಾಕಷ್ಟು ಸಮಯ ಕೊಡಲಿ.

– ಓದುಗ, ಕನಕಪುರ