ಕಲ್ಲಿಗೆ ಲೆಕ್ಕವಿದೆ, ಮರಳಿಗಿಲ್ಲ

ಮಾನ್ಯ ಸಂಪಾದಕರೇ,

ಮಳೆಗಾಲದ ಆಟಿ ತಿಂಗಳು ಬಂತೆಂದರೆ ಕರಾವಳಿಯ ಪತ್ರಿಕೆಗಳಲ್ಲಿ ಕಡಲ್ಕೊರೆತದ ಒಂದು ಚಿತ್ರ ತಪ್ಪುವುದಿಲ್ಲ. ಬುಡ ಕಿತ್ತು ಕಡಲಿಗೆ ಒರಗಿದ ತೆಂಗಿನಮರ, ಹಿಂದೆ ಕಲ್ಲು ಸುರಿಯುತ್ತಿರುವ ಟಿಪ್ಪರ್, ಪಕ್ಕದಲ್ಲಿ ಕೊಡೆ ಹಿಡಿದು ನಿಂತ ಜನಪ್ರತಿನಿಧಿ. ಒಂದು ವರ್ಷ ಉಳ್ಳಾಲ, ಇನ್ನೊಂದು ವರ್ಷ ಸೋಮೇಶ್ವರ, ಮತ್ತೊಂದು ವರ್ಷ ಬಟ್ಟಪಾಡಿ ಎಂದು ಊರಿನ ಹೆಸರು ಮಾತ್ರ ಬದಲಾಗುತ್ತಿರುತ್ತದೆ. ಕಳೆದ ವಾರ ನೀವು ಪ್ರಕಟಿಸಿದ್ದೂ ಅಂಥದ್ದೇ. ಎಷ್ಟು ಲೋಡ್ ಕಲ್ಲು ಬಂತೆಂದು ಅಡಿಬರಹದಲ್ಲಿ ಇತ್ತು. ಒಂದೊಂದು ಕಲ್ಲು ಎಷ್ಟು ಭಾರದ್ದು, ಹಿಂದಿನ ವರ್ಷ ಅಲ್ಲೇ ಹಾಕಿದ ಕಲ್ಲು ಏನಾಯಿತು ಎಂಬುದು ಇರಲಿಲ್ಲ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಪಾಠ ಹೇಳಿ ನಿವೃತ್ತನಾದ ನನಗೆ ಇದನ್ನು ಕೇಳದೆ ಇರಲಾಗುವುದಿಲ್ಲ.

ಅಲೆಯ ಎದುರು ನಿಲ್ಲಲು ಕಲ್ಲು ಎಷ್ಟು ಭಾರವಿರಬೇಕು ಎಂಬುದಕ್ಕೆ ಹಡ್ಸನ್ ಸೂತ್ರ ಎಂದೊಂದಿದೆ. 1950ರ ದಶಕದಿಂದಲೂ ಬಂದರು ಕಟ್ಟುವವರಿಗೆ ಅದು ಬಾಯಿಪಾಠ. ಅದರ ಪ್ರಕಾರ ಕಲ್ಲಿನ ತೂಕ ಅಲೆಯ ಎತ್ತರದ ಘನಕ್ಕೆ ತಕ್ಕಂತೆ ಏರಬೇಕು. ಅಂದರೆ ಅಲೆ ಎರಡು ಪಟ್ಟಾದರೆ ಕಲ್ಲು ಎಂಟು ಪಟ್ಟು ಭಾರವಾಗಬೇಕು. ಒಂದು ಮೀಟರಿನ ಅಲೆಗೆ ಕಷ್ಟಪಟ್ಟು ನಿಂತ ಕಲ್ಲನ್ನು ಮಳೆಗಾಲದ ಎರಡು ಮೀಟರಿನ ಅಲೆ ಉರುಳಿಸಿದರೆ ಅದರಲ್ಲಿ ಸೋಜಿಗವೇನಿದೆ? ಭಾರದ ಕಲ್ಲು ಹಾಕಿದ ಮಾತ್ರಕ್ಕೂ ಆಗಲಿಲ್ಲ. ಅದರಡಿಗೆ ಸಣ್ಣ ಕಲ್ಲಿನ ಪದರ ಬೇಕು, ಅದರಡಿಗೆ ಮರಳು ಸೋರದಂತೆ ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆಯೋ ಜಲ್ಲಿಯೋ ಬೇಕು, ಕಡಲಿನ ಬದಿಗೆ ಗಟ್ಟಿಯಾದ ಪಾದ ಬೇಕು. ಹೀಗೆ ಕಟ್ಟಿದ ಕಲ್ಲಿನ ಗೋಡೆಗೆ ಬಡಿದು ಹಿಂದಿರುಗುವ ಅಲೆ ಬುಡದ ಮರಳನ್ನೇ ಎಳೆದೊಯ್ಯುತ್ತದೆ. ಈ ಪದರ, ಪಾದಗಳಿಲ್ಲದಿದ್ದರೆ ಕಲ್ಲು ಇದ್ದಲ್ಲೇ ಹೂತುಹೋಗುತ್ತದೆ. ‘ಕಡಲು ಕಲ್ಲು ನುಂಗಿತು’ ಎಂದು ನಾವು ಹೇಳುವುದು ಬಹುಮಟ್ಟಿಗೆ ಇದನ್ನೇ.

ಇದನ್ನು ತಿಳಿಯಲು ದೂರ ಹೋಗಬೇಕಾಗಿಯೂ ಇಲ್ಲ. ಸುರತ್ಕಲ್‌ನ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆಯಲ್ಲಿ (ನಮ್ಮಂಥ ಹಳಬರಿಗೆ ಅದು ಇಂದಿಗೂ ಕೆಆರ್‌ಇಸಿ) 50 ಮೀಟರ್ ಉದ್ದದ, ಮುಕ್ಕಾಲು ಮೀಟರಿಗಿಂತ ಕಡಿಮೆ ಅಗಲದ ಅಲೆತೊಟ್ಟಿಯೊಂದಿದೆ. ಒಂದು ತುದಿಯಲ್ಲಿ ಯಂತ್ರ ಅಲೆ ಎಬ್ಬಿಸುತ್ತದೆ, ಇನ್ನೊಂದು ಕಡೆ ಪುಟ್ಟ ಕಲ್ಲುಗಳಿಂದ ಕಟ್ಟಿದ ಬ್ರೇಕ್‌ವಾಟರಿನ (ಅಲೆ ತಡೆಯುವ ಗೋಡೆಯ) ಮಾದರಿ ಅದನ್ನು ಎದುರಿಸುತ್ತದೆ. ಮುಂದುಗಡೆ ನೀರಿನೊಳಗೇ ಒಂದು ದಿಬ್ಬ ಕಟ್ಟಿ ಅಲೆಯನ್ನು ಅಲ್ಲೇ ಮುರಿದರೆ ಹಿಂದಿನ ಗೋಡೆಗೆ ಹಗುರ ಕಲ್ಲು ಸಾಕಾದೀತೇ ಎಂದು ಅಲ್ಲಿನ ಸಂಶೋಧಕರು ಪರೀಕ್ಷಿಸಿದ್ದಾರೆ. ಸಾಕಾಗುತ್ತದೆ, ಆದರೆ ದಿಬ್ಬದ ಎತ್ತರ, ಅಗಲ ಮತ್ತು ಗೋಡೆಯಿಂದ ಅದಕ್ಕಿರುವ ದೂರ ಹೊಂದಬೇಕು. ಪುದುಚೇರಿಯಲ್ಲಿ ಬಂದರು ಕಟ್ಟಿದ ಮೇಲೆ ಕಳೆದುಹೋಗಿದ್ದ ದಡವನ್ನು ಮರಳಿ ತರಲು ನೀರೊಳಗೆ ಉಕ್ಕಿನ ರೀಫ್ (ಇಂಥದೇ ದಿಬ್ಬ) ಕೂರಿಸಿದ್ದೂ, ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಉಳ್ಳಾಲದ ಕಡಲಿನಲ್ಲಿ ಎರಡು ರೀಫ್ ಕಟ್ಟಿದ್ದೂ ಅಲೆಯನ್ನು ದಡಕ್ಕೆ ಬರುವ ಮೊದಲೇ ಮುರಿಯುವ ಇದೇ ಉಪಾಯದಿಂದ.

ಉಳ್ಳಾಲದ ಕೆಲಸದ ಮೇಲೆ ನಮ್ಮ ಸೋಮೇಶ್ವರ, ಉಚ್ಚಿಲದ ಕಡೆಯವರಿಗೆ ಒಂದು ದೂರಿದೆ: ಕೊರೆತ ನಿಲ್ಲಲಿಲ್ಲ, ದಕ್ಷಿಣಕ್ಕೆ ಸರಿದು ನಮ್ಮ ಅಂಗಳಕ್ಕೆ ಬಂತು ಎಂದು. ಇದು ನಿಜವೋ ಸುಳ್ಳೋ ಎಂದು ತೀರ್ಮಾನಿಸುವಂಥ ಅಳತೆಯ ಪುಸ್ತಕವನ್ನು ಯಾರೂ ನಮ್ಮ ಮುಂದೆ ಇಟ್ಟಿಲ್ಲ. ಚೆನ್ನೈನ ಪ್ರಕರಣ ಸುಲಭ. ಅಲ್ಲಿ ಮರಳು ವರ್ಷದ ಒಟ್ಟು ಲೆಕ್ಕದಲ್ಲಿ ಉತ್ತರಕ್ಕೆ ಸಾಗುತ್ತದೆ. ಬಂದರಿನ ಗೋಡೆ ಅಡ್ಡ ಬಂದಾಗ ದಕ್ಷಿಣದಲ್ಲಿ ಮರೀನಾ ಹಿಗ್ಗಿತು, ಉತ್ತರದಲ್ಲಿ ರಾಯಪುರಂ ಕರಗಿತು. ನಮ್ಮಲ್ಲಿ ಋತು ಬದಲಾದಂತೆ ಮರಳು ಸಾಗುವ ದಿಕ್ಕೂ ಬದಲಾಗುತ್ತದೆ. ಅದರ ಮೇಲೆ ನೇತ್ರಾವತಿ ತರುವ ಮರಳಿನಲ್ಲಿ ಒಂದಷ್ಟು ಅಣೆಕಟ್ಟಿನ ಹಿಂದೆ ನಿಲ್ಲುತ್ತದೆ, ಒಂದಷ್ಟು ಲಾರಿ ಹತ್ತುತ್ತದೆ. (ಲಾರಿಯದ್ದಕ್ಕಾದರೂ ಪರವಾನಗಿಯ ಲೆಕ್ಕವಿರಬೇಕು, ಇರಲಿ, ಆ ಸುದ್ದಿ ಬೇಡ.) ಇಂಥ ಕಡೆ ಬರಿಗಣ್ಣಿನಿಂದ ಯಾರ ಮೇಲೂ ತಪ್ಪು ಹೊರಿಸಲಾಗದು, ಯಾರನ್ನೂ ತಪ್ಪಿನಿಂದ ಬಿಡಿಸಲೂ ಆಗದು.

ಇನ್ನೊಂದು ತೊಡಕಿದೆ. ಮಳೆಗಾಲದ ಅಲೆ ದಡದ ಮರಳನ್ನು ಎಳೆದು ನೀರಡಿಯಲ್ಲಿ ದಿಣ್ಣೆ ಮಾಡಿ ಇಡುತ್ತದೆ. ನವರಾತ್ರಿ ಕಳೆದು ಕಡಲು ತಣ್ಣಗಾದಾಗ ಅದರಲ್ಲಿ ಬಹುಪಾಲು ಮೆಲ್ಲಗೆ ಮರಳುತ್ತದೆ. ಮರಳು ಎಂಬ ಹೆಸರು ಅದಕ್ಕೆ ಸುಮ್ಮನೆ ಬಂದಿರಲಿಕ್ಕಿಲ್ಲ ಎಂದು ತರಗತಿಯಲ್ಲಿ ನಾನು ತಮಾಷೆ ಮಾಡುತ್ತಿದ್ದೆ. ದಡದಿಂದ ರಂಪಣಿ ಬಲೆ ಎಳೆದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಈಗ ಕಾಮಗಾರಿಯ ಪಂಚಾಂಗ ನೋಡಿ: ಜುಲೈಯಲ್ಲಿ ಹಾನಿಯ ಪಟ್ಟಿ, ಚಳಿಗಾಲದಲ್ಲಿ ಕೆಲಸ, ಜನವರಿಯಲ್ಲೋ ಫೆಬ್ರವರಿಯಲ್ಲೋ ಉದ್ಘಾಟನೆ. ಆ ಹೊತ್ತಿಗೆ ಮರಳು ತಾನಾಗಿ ಬಂದು ಗೋಡೆಯ ಮುಂದೆ ಹರಡಿರುತ್ತದೆ. ಹಾರ ಮಾತ್ರ ಗೋಡೆಗೆ ಬೀಳುತ್ತದೆ.

ದೇಶದ ಕರಾವಳಿಯ ಸುಮಾರು ಮೂರನೇ ಒಂದು ಭಾಗ ಕೊರೆತಕ್ಕೆ ಸಿಕ್ಕಿದೆ ಎಂದು ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ ಉಪಗ್ರಹ ಚಿತ್ರಗಳ ನೆರವಿನಿಂದ ಲೆಕ್ಕ ಹಾಕಿದೆ. ಅದು ದೊಡ್ಡ ಕೆಲಸವೇ. ಆದರೆ ಅಂಥ ಚಿತ್ರ ಕೊಡುವುದು ದಡದ ಗೆರೆಯನ್ನು. ಗೆರೆಯ ಎರಡೂ ಬದಿಗೆ ಮರಳು ಎಷ್ಟು ಎತ್ತರಕ್ಕಿದೆ ಎಂಬುದನ್ನು ನೆಲದ ಮೇಲೆ ನಿಂತೇ ಅಳೆಯಬೇಕು. ವಿದ್ಯಾರ್ಥಿಯಾಗಿದ್ದಾಗ ನಾನು ಸೊಂಟಮಟ್ಟ ನೀರಿನಲ್ಲಿ ಅಳತೆಕೋಲು ಹಿಡಿದು ನಿಂತವನು. ದಡದಲ್ಲಿ ಒಬ್ಬರು ಲೆವೆಲ್ ಯಂತ್ರದಲ್ಲಿ ಕಣ್ಣಿಟ್ಟಿರುತ್ತಿದ್ದರು. ಪ್ರತಿ ಅಲೆಗೂ ಕೋಲು ಓಲಾಡುತ್ತಿತ್ತು, ಬೈಗುಳ ಕೇಳಬೇಕಾಗುತ್ತಿತ್ತು. ಅಳತೆ ಮಾತ್ರ ಪುಸ್ತಕಕ್ಕೆ ಏರುತ್ತಿತ್ತು. ಇಂದು ಜಿಪಿಎಸ್ ಇದೆ, ಡ್ರೋನ್ ಇದೆ, ಬೈಗುಳವೂ ತಪ್ಪುತ್ತದೆ.

ನಾನು ಕೇಳುವುದು ಇಷ್ಟೇ. ನೇತ್ರಾವತಿಯ ಅಳಿವೆಯಿಂದ ತಲಪಾಡಿಯವರೆಗೆ ಅರ್ಧ ಕಿಲೋಮೀಟರಿಗೊಂದು ಅಲುಗದ ಗುರುತುಕಲ್ಲು ನೆಡಲಿ. ವರ್ಷಕ್ಕೆ ಎರಡು ಸಲ, ಫೆಬ್ರವರಿಯಲ್ಲೊಮ್ಮೆ ಆಗಸ್ಟಿನಲ್ಲೊಮ್ಮೆ, ಅಲ್ಲಿಂದ ದಡವನ್ನು ಅಳೆಯಲಿ. ಫೆಬ್ರವರಿಯನ್ನು ಫೆಬ್ರವರಿಗೇ ಹೋಲಿಸಲಿ. ಆ ಅಂಕಿಗಳನ್ನು ಕನ್ನಡದಲ್ಲಿ ಪಂಚಾಯಿತಿ, ನಗರಸಭೆಗಳ ಹಲಗೆಯ ಮೇಲೆ ಹಚ್ಚಲಿ. ಇದಕ್ಕೆ ಆಗುವ ವೆಚ್ಚ ಕಲ್ಲಿನ ಬಿಲ್ಲಿನ ಪಕ್ಕದಲ್ಲಿ ಇಟ್ಟರೆ ಕಣ್ಣಿಗೂ ಕಾಣದು. ಹೊಸ ಗೋಡೆಯ ಪ್ರತಿ ಗುತ್ತಿಗೆಯಲ್ಲೂ ಮುಂದಿನ ಐದು ಮಳೆಗಾಲಗಳ ಅಳತೆಯನ್ನು ಸೇರಿಸಿಬಿಡಬಹುದು.

ಅಂಗಳದವರೆಗೆ ನೀರು ಬಂದವರ ಮುಂದೆ ನಿಂತು ‘ಮೊದಲು ಅಳೆಯೋಣ, ಆಮೇಲೆ ನೋಡೋಣ’ ಎನ್ನುವ ಧೈರ್ಯ ನನಗಿಲ್ಲ. ಅಲ್ಲಿ ಕಲ್ಲು ಹಾಕಲೇಬೇಕು. ಹಾಕಿದ ಕಲ್ಲಿನ ತೂಕ, ಹಾಕಿದ ಜಾಗ, ಆ ದಿನದ ಮರಳಿನ ಮಟ್ಟ ಇವಿಷ್ಟನ್ನು ಬರೆದಿಡಲು ಟಿಪ್ಪರ್ ಹಿಂದಿರುಗುವಷ್ಟು ಹೊತ್ತು ಸಾಕು.

ನಿಮ್ಮ ಛಾಯಾಗ್ರಾಹಕರಲ್ಲಿಯೂ ಒಂದು ಕೋರಿಕೆ. ಬರುವ ಫೆಬ್ರವರಿಯಲ್ಲಿ ದಯವಿಟ್ಟು ಅದೇ ತೆಂಗಿನಮರದ ಬಳಿ, ಅದೇ ಜಾಗದಲ್ಲಿ ನಿಂತು ಇನ್ನೊಂದು ಚಿತ್ರ ತೆಗೆಯಲಿ. ಎರಡನ್ನೂ ಒಟ್ಟಿಗೆ ಅಚ್ಚು ಮಾಡಿ.

ಇತಿ,
ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕ, ಸೋಮೇಶ್ವರ