ಪ್ರಕಟಣೆ ಹಾಗೂ ಉಲ್ಲೇಖಗಳ ವಿವರ ಸರಿಪಡಿಸುವ ಕುರಿತು

ವಿಭಾಗದ ಎಲ್ಲ ವೈದ್ಯ ಅಧ್ಯಾಪಕರಿಗೂ ಸ್ನಾತಕೋತ್ತರ ವಿದ್ಯಾರ್ಥಿಗಳಿಗೂ ನಮಸ್ಕಾರ.

ಪ್ರಕಟಣೆಗಳ ಪಟ್ಟಿ ಬರುವ ಶನಿವಾರ ಸಂಜೆ ಅಂತಿಮಗೊಳ್ಳಲಿರುವುದರಿಂದ, ಪ್ರಬಂಧ ಪ್ರಕಟಿಸಿರುವ ಪ್ರತಿಯೊಬ್ಬರೂ ತಮ್ಮ 16 ಅಂಕಿಗಳ ಆರ್ಕಿಡ್ (ORCID, ಸಂಶೋಧಕರ ಗುರುತು) ಸಂಖ್ಯೆಯನ್ನು ಅದಕ್ಕೂ ಮೊದಲು ಕಳುಹಿಸಬೇಕೆಂದು ಕೋರುತ್ತೇನೆ.

ನಮ್ಮಲ್ಲಿ ಊರಿನ ಮತ್ತು ತಂದೆಯ ಹೆಸರಿನ ಇನಿಷಿಯಲ್‌ಗಳು ಒಮ್ಮೆ ಮುಂದೆ, ಒಮ್ಮೆ ಹಿಂದೆ ಅಚ್ಚಾಗುವುದರಿಂದ, ಒಬ್ಬರದೇ ಪ್ರಬಂಧಗಳು, ಪ್ರಬಂಧ ಮತ್ತು ಉಲ್ಲೇಖಗಳ ದತ್ತಸಂಚಯವಾದ ಸ್ಕೋಪಸ್‌ನಲ್ಲಿ ಹಲವು ಪ್ರೊಫೈಲ್‌ಗಳಿಗೆ ಹಂಚಿಹೋಗಿ, ಉಲ್ಲೇಖಗಳ ಆಧಾರದ ಸೂಚ್ಯಂಕವಾದ ಎಚ್-ಇಂಡೆಕ್ಸ್ ಇರುವುದಕ್ಕಿಂತ ಕಡಿಮೆ ಕಾಣಬಹುದು. ಅಂತಹವನ್ನು ಒಂದುಗೂಡಿಸಲು ಇಂದೇ ಮನವಿ ಸಲ್ಲಿಸಿ. ಗೂಗಲ್ ಸ್ಕಾಲರ್‌ನಲ್ಲಿ ಅದೇ ಹೆಸರಿನ ಬೇರೆಯವರ ಲೇಖನಗಳು ನಿಮ್ಮ ಪ್ರೊಫೈಲ್‌ಗೆ ಸೇರಿದ್ದರೆ, ಉಲ್ಲೇಖಗಳ ಸಂಖ್ಯೆ ಇಳಿದರೂ ಚಿಂತೆಯಿಲ್ಲ, ತೆಗೆದುಹಾಕಿ.

ಎಚ್-ಇಂಡೆಕ್ಸ್ 10 ಎಂದರೆ ತಲಾ ಕನಿಷ್ಠ 10 ಉಲ್ಲೇಖ ಪಡೆದ 10 ಪ್ರಬಂಧಗಳಿವೆ ಎಂದಷ್ಟೇ ಅರ್ಥ. ಅದು ಹಿರಿಯರನ್ನೂ ಕಿರಿಯರನ್ನೂ ಹೋಲಿಸುವ ಅಳತೆಯಲ್ಲವಾದ್ದರಿಂದ ಕಿರಿಯರು ಸಂಕೋಚಪಡಬಾರದು.

ಮುಗಿಸಿದವರು ದಯವಿಟ್ಟು ಇಲ್ಲಿಯೇ ತಿಳಿಸಿ.