ದತ್ತು ಮಕ್ಕಳು ದೊಡ್ಡವರಾದ ಮೇಲೆ: ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ದಕ್ಷಿಣ ಕನ್ನಡ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ನಾನು ಮಂಗಳೂರಿನವಳು, ದತ್ತು ಮಗಳು. ಅಪ್ಪ ಅಮ್ಮ ನನ್ನಿಂದ ಏನೂ ಮುಚ್ಚಿಟ್ಟಿಲ್ಲ. ಪ್ರೀತಿಗೂ ಕೊರತೆಯಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ "ಸಾಕಿದವರು ಏನು ಕಡಿಮೆ ಮಾಡಿದ್ರು?" ಅಂತ ಕೇಳುವವರು ಇದ್ದೇ ಇರುತ್ತಾರೆ.

ಚಿಕ್ಕವಳಿದ್ದಾಗ ದತ್ತು ಅನ್ನುವುದು ನನಗೆ ದೊಡ್ಡ ವಿಷಯವೇ ಆಗಿರಲಿಲ್ಲ. ಕಷ್ಟ ಶುರುವಾಗಿದ್ದು ಮದುವೆ ಮಾತು ಬಂದಾಗ. ನಮ್ಮ ಕಡೆ ಹೆಣ್ಣು ನೋಡಲು ಬಂದವರು ಚಾ ಕುಡಿದು ಮುಗಿಸುವ ಮೊದಲೇ 'ಬರಿ', ಅಂದರೆ ಕುಲ, ಯಾವುದು ಎಂದು ಕೇಳುತ್ತಾರೆ. ಬರಿ ತಾಯಿ ಕಡೆಯಿಂದ ಬರುವುದು. ಅಮ್ಮ ತಮ್ಮ ಬರಿ ಹೇಳಿದರು. "ಅದು ನಿಮ್ಮದಾಯ್ತು, ಹುಡುಗಿಯದ್ದು?" ಎಂದರು ಒಬ್ಬರು. ಅಮ್ಮ ಏನೂ ಹೇಳದೆ ಗೋಳಿಬಜೆ ತಟ್ಟೆಯನ್ನು ಅವರ ಹತ್ತಿರ ಸರಿಸಿದರು. ಡಾಕ್ಟರ ಹತ್ತಿರ ಹೋದರೆ, "ಮನೆಯಲ್ಲಿ ಯಾರಿಗಾದರೂ ಶುಗರ್ ಉಂಟಾ?" ಅಪ್ಪನಿಗೆ ಉಂಟು. ಅದನ್ನು ಹೇಳಿ ಏನು ಪ್ರಯೋಜನ, ಅಲ್ವಾ?

ಆಮೇಲೆ ನಿದ್ದೆ ಕೆಡುತ್ತದೆ. ಸುಮ್ನೆ ಸಿಟ್ಟು ಬರುತ್ತದೆ. ಹೆತ್ತವರನ್ನು ಹುಡುಕಿದರೆ ಅಮ್ಮನಿಗೆ ನೋವಾಗುತ್ತದೇನೋ ಎಂಬ ಅಳುಕು ಬೇರೆ. ಎಲ್ಲರಿಗೂ ಹೀಗೇ ಆಗುತ್ತದೆ ಎನ್ನುವುದಿಲ್ಲ. ಆದವರು ಎಲ್ಲಿಗೆ ಹೋಗಬೇಕು?

ದತ್ತು ಕೊಟ್ಟ ಮೇಲೆ ಆರು ತಿಂಗಳಿಗೊಮ್ಮೆ ವಿಚಾರಿಸಬೇಕು ಎಂದು ನಿಯಮವಿದೆ, ಅದೂ ಎರಡು ವರ್ಷದವರೆಗೆ ಮಾತ್ರ. ಆಗಿನ್ನೂ ಎಷ್ಟೋ ಮಕ್ಕಳಿಗೆ ಸರಿಯಾಗಿ ಮಾತೇ ಬಂದಿರುವುದಿಲ್ಲ! 18 ತುಂಬಿದವರು ತಮ್ಮ ಮೂಲದ ಮಾಹಿತಿಗೆ ಕೇಂದ್ರದ ದತ್ತು ಪ್ರಾಧಿಕಾರವಾದ 'ಕಾರಾ'ಕ್ಕೆ ತಾವೇ ಅರ್ಜಿ ಹಾಕಬಹುದು ಎಂದು 2022ರ ದತ್ತು ನಿಯಮಾವಳಿ ಹೇಳುತ್ತದೆ. ಹೆತ್ತವರು ತಮ್ಮ ಗುರುತು ಹೇಳಬೇಡಿ ಎಂದಿದ್ದರೆ ಅವರ ಒಪ್ಪಿಗೆ ಬೇಕು. ಅದು ನ್ಯಾಯವೇ. ಆದರೆ "ಒಪ್ಪಲಿಲ್ಲ" ಎಂಬ ಉತ್ತರ ಬಂದ ದಿನ ಅರ್ಜಿ ಹಾಕಿದವರ ಪಕ್ಕದಲ್ಲಿ ಯಾರಿರುತ್ತಾರೆ?

2022ರ ಸೆಪ್ಟೆಂಬರಿನಿಂದ ದತ್ತು ಆದೇಶ ಕೊಡುವುದು ಕೋರ್ಟಲ್ಲ, ಜಿಲ್ಲಾಧಿಕಾರಿಗಳು. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ವೆನ್ಲಾಕ್ ಆಸ್ಪತ್ರೆಯಲ್ಲೋ ಮಕ್ಕಳ ರಕ್ಷಣಾ ಘಟಕದಲ್ಲೋ, ದತ್ತಿನ ವಿಷಯ ತಿಳಿದ ಒಬ್ಬ ಆಪ್ತಸಮಾಲೋಚಕರನ್ನು ವಾರಕ್ಕೊಂದು ದಿನವಾದರೂ ಕೂರಿಸಿ. ಮಾನಸಿಕ ಆರೋಗ್ಯಕ್ಕೆಂದು ಸರ್ಕಾರದ ಸಹಾಯವಾಣಿ, ಟೆಲಿ ಮಾನಸ್‌ನ 14416 ಇದೆ, ಒಳ್ಳೆಯದೇ. ಆದರೆ ಇದು ಒಂದು ಫೋನಿನಲ್ಲಿ ಮುಗಿಯುವ ಮಾತಲ್ಲ. ಹಾಗೆಯೇ ಹಳೆಯ ದತ್ತು ಕಡತಗಳು ಗೆದ್ದಲಿನ ಪಾಲಾಗದಂತೆ ನೋಡಿಕೊಳ್ಳಿ. ನಮ್ಮ ಬಗ್ಗೆ ಇರುವುದೇ ಆ ನಾಲ್ಕು ಹಾಳೆ.

ನಾನಿನ್ನೂ ಅರ್ಜಿ ಹಾಕಿಲ್ಲ. ಉತ್ತರ ಏನೇ ಬರಲಿ, ಆಮೇಲೆ ಹೋಗಿ ಮಾತಾಡಲು ಒಬ್ಬರಿದ್ದಾರೆ ಎಂದು ಗೊತ್ತಾದರೆ ಹಾಕುತ್ತೇನೆ.

ಇಂತಿ,
ಮಂಗಳೂರಿನ ಒಬ್ಬ ದತ್ತು ಮಗಳು